ಬಾಯಿ ಮಡಿಸಿದ ರೋಲುಗಳು

ಜನವರಿ ೬, ಸೋಮವಾರ

ಪೈಪ್ ಅಂಗಡಿಯವರು ಹೊಸ ವರ್ಷಕ್ಕೆಂದು ನನ್ನ ಗಂಡ ಸುದೀಪ್‌ಗೆ ಕೊಟ್ಟ ಡೈರಿ ಇದು. ಅವರು ಬರೆಯುವವರಲ್ಲ, ‘ನೀನೇ ಇಟ್ಕೋ’ ಎಂದರು. ಹಾಲಿನ ಲೆಕ್ಕಕ್ಕಾದರೂ ಆದೀತು ಎಂದು ತೆಗೆದಿಟ್ಟಿದ್ದೆ. ಇವತ್ತು ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಿಟ್ಟು ಮಾವನ ಮೇಲೆ. ಅವರ ತಪ್ಪೇನೂ ಇಲ್ಲ, ಅದಕ್ಕೇ ಇನ್ನೂ ಸಿಟ್ಟು.

ದೀಪಾವಳಿ ಮುಗಿದ ಮರುವಾರ ಮಾವನಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು. ಕಾಲೂ ನೆಟ್ಟಗಾಯಿತು. ಬಲಗೈ ಮಾತ್ರ ಬರಲಿಲ್ಲ. ಶಿವಮೊಗ್ಗ–ಭದ್ರಾವತಿ ರೂಟಿನಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದ ಕೈ ಅದು. ಈಗ ಲೋಟ ಹಿಡಿದರೆ ಅರ್ಧ ಕಾಫಿ ಪಂಚೆಗೆ. ಪೂಜೆಗೆ ಕೂತಾಗ ಎಡಗೈಯಲ್ಲಿ ಲಿಂಗ ಅಲುಗದೆ ಇರುತ್ತದೆ, ಬಲಗೈಯ ಪತ್ರೆ ಮಾತ್ರ ಜಾರಿ ಮಡಿಲಿಗೆ ಬೀಳುತ್ತದೆ. ಅವರು ಹೆಕ್ಕಿ ಮತ್ತೆ ಏರಿಸುತ್ತಾರೆ. ನಾನು ನೋಡದವಳ ಹಾಗೆ ಅಡುಗೆಮನೆಗೆ ಹೋಗುತ್ತೇನೆ.

ಫಿಸಿಯೋಥೆರಪಿಗೆ ಮನೆಗೇ ಬರುವ ಲಿಖಿತಾ, ‘ಬೆರಳಿಗೆ ಸಣ್ಣ ಸಣ್ಣ ಕೆಲ್ಸ ಕೊಡಿ. ಬಟಾಣಿ ಬಿಡಿಸ್ಲಿ, ಕಾಯಿನ್ ಜೋಡಿಸ್ಲಿ’ ಎಂದಳು. ನಮ್ಮ ಮನೆಯಲ್ಲಿ ಕಾಯಿನ್ನಿಗೇನು ಬರ. ವಿನೋಬನಗರದಲ್ಲಿ, ಆಯನೂರಿನಲ್ಲಿ, ಇನ್ನೂ ಎರಡು ಕಡೆ ಸುದೀಪ್ ಕುಡಿಯುವ ನೀರಿನ ಘಟಕ ನಡೆಸುತ್ತಾರೆ. ಜನ ಐದು ರೂಪಾಯಿ ಹಾಕಿ ಕ್ಯಾನು ತುಂಬಿಕೊಂಡು ಹೋಗುತ್ತಾರೆ. ವಾರಕ್ಕೆರಡು ಸಲ ಚೀಲದಲ್ಲಿ ಆ ಕಾಯಿನ್ ಮನೆಗೆ ಬರುತ್ತದೆ. ಎಣಿಸಿ, ಬ್ರೌನ್ ಪೇಪರಿನಲ್ಲಿ ಇಪ್ಪತ್ತಿಪ್ಪತ್ತರ ರೋಲು ಸುತ್ತಿ, ಎರಡೂ ತುದಿಯ ಬಾಯಿ ಮಡಿಸಿ, ಗಾಂಧಿಬಜಾರಿನ ಅಂಗಡಿಗಳಿಗೆ ಚಿಲ್ಲರೆಯಾಗಿ ಕೊಡುವುದು ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ. ಮೂರು ವರ್ಷವಾಯಿತು. ಬಾಯಿ ಮಡಿಸುವುದರಲ್ಲಿ ನನ್ನ ಕೈ ಪಳಗಿದೆ. ನನ್ನ ರೋಲು ಕೆಳಗೆ ಬಿದ್ದರೂ ಬಿಚ್ಚುವುದಿಲ್ಲ.

ಆ ಕೆಲಸವನ್ನು ಇವತ್ತು ಮಾವನಿಗೆ ಬಿಟ್ಟುಕೊಟ್ಟೆ. ಮಧ್ಯಾಹ್ನದವರೆಗೆ ಕೂತು ಆರು ರೋಲು ಮಾಡಿದರು. ಆರೂ ಮುದುರಿದ ದೋಸೆಯ ಹಾಗಿದ್ದವು. ‘ಹೆಂಗಿದಾವಮ್ಮ?’ ಎಂದರು.

‘ಚೆನ್ನಾಗಿದಾವೆ ಮಾವ’ ಎಂದೆ.

ಜನವರಿ ೧೧, ಶನಿವಾರ

ಮಾವನಿಗೆ ಕೆಲಸ ಸುಲಭವಾಗಲಿ ಎಂದು ಏನೇನೋ ಮಾಡಿ ನೋಡಿದೆ. ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ದೋಣಿಯ ಹಾಗೆ ಮಾಡಿ ಕೊಟ್ಟೆ. ಅದರಲ್ಲಿ ಕಾಯಿನ್ ಸಾಲಾಗಿ ನಿಲ್ಲುತ್ತದೆ, ಉರುಳುವುದಿಲ್ಲ. ಕಾಗದಕ್ಕೂ ಒಂದು ಎಳೆ ಇರುತ್ತದೆ. ಎಳೆ ರೋಲಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸಿದರೆ ಸುಕ್ಕಿಲ್ಲದೆ ಸುತ್ತಿಕೊಳ್ಳುತ್ತದೆ. ಹಾಗೇ ಕತ್ತರಿಸಿ ಕೊಟ್ಟೆ. ಅಲ್ಲಿಯವರೆಗೆ ಮಾವ ಹೇಗೋ ನಿಭಾಯಿಸುತ್ತಾರೆ.

ಕಷ್ಟವೆಲ್ಲ ಬಾಯಿಯದು. ಕಾಯಿನ್ನಿನ ಆಚೆ ಅರ್ಧ ಬೆರಳಿನಷ್ಟು ಕಾಗದ ಉಳಿಸಿ, ಕರ್ಜಿಕಾಯಿಯ ಅಂಚು ಮಡಿಸಿದ ಹಾಗೆ ಸಣ್ಣ ಸಣ್ಣ ಮಡಿಕೆಯಾಗಿ ಒಳಗೆ ತಿರುಗಿಸುತ್ತ ಹೋಗಬೇಕು. ಕೊನೆಯ ಮಡಿಕೆಯನ್ನು ಮೊದಲನೆಯದರ ಕೆಳಗೆ ಸೇರಿಸಿ ಹೆಬ್ಬೆರಳಿನಿಂದ ಒತ್ತಬೇಕು. ಮಾವನ ಹೆಬ್ಬೆರಳು ಒತ್ತುತ್ತದೆ, ತಿರುಗುವುದಿಲ್ಲ. ಚಮಚದ ಬೆನ್ನಿನಿಂದ ಒತ್ತಿ ಎಂದೆ. ಚಮಚ ಜಾರಿ ಕಾಗದ ಹರಿಯಿತು. ಗೋಂದು ಹಚ್ಚಿದರೆ ಕಾಗದ ಬೆರಳಿಗೇ ಅಂಟಿತು. ‘ಬಸ್ಸಿನ ಸ್ಟೇರಿಂಗೇ ಮೇಲು ಮಾರಾಯ್ತಿ’ ಎಂದು ನಕ್ಕರು.

ಸಂಜೆ ಗಾಂಧಿಬಜಾರಿಗೆ ಹೋಗಿದ್ದೆ. ದಿನಸಿ ಅಂಗಡಿಯ ಮಲ್ಲಿಕ್ ಮಾವನ ರೋಲೊಂದನ್ನು ಎತ್ತುತ್ತಿದ್ದಂತೆ ಬಾಯಿ ಬಿಚ್ಚಿ ಕಾಯಿನ್ನೆಲ್ಲ ಸಕ್ಕರೆ ಮೂಟೆಯ ಹಿಂದೆ ಉರುಳಿತು. ‘ಏನ್ ಮೇಡಂ ಇದು, ನಿಮ್ ಕೈದು ಹಿಂಗಿರಲ್ವಲ್ಲ?’ ಎಂದರು. ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ‘ಪೇಪರ್ ಸರಿ ಇಲ್ಲ’ ಎಂದೆ.

ಅಮ್ಮ ಆಯನೂರಿನಿಂದ ಫೋನ್ ಮಾಡಿದ್ದಳು. ‘ಎಲ್ಲಾ ಆರಾಮ?’ ‘ಎಲ್ಲಾ ಆರಾಮಮ್ಮ.’

ಜನವರಿ ೧೫, ಬುಧವಾರ

ಮಾವ ಊಟ ಮಾಡಿ ಮಲಗಿದ ಮೇಲೆ ಅವರ ರೋಲುಗಳನ್ನೆಲ್ಲ ಹಿತ್ತಲ ಕಡೆಯ ಕೋಣೆಗೆ ಒಯ್ದು ಬಿಚ್ಚಿದೆ. ಹೊಸ ಕಾಗದದಲ್ಲಿ ಮತ್ತೆ ಸುತ್ತಿ ಬಾಯಿ ಮಡಿಸಿ ಅದೇ ಬುಟ್ಟಿಯಲ್ಲಿಟ್ಟೆ. ಮುದುರಿದ ಕಾಗದವನ್ನು ನೀರೊಲೆಗೆ ಹಾಕಿದೆ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ. ಅವರಿಗೆ ಕೆಲಸ, ನನಗೆ ಮರ್ಯಾದೆ.

ಪಕ್ಕದ ಮನೆಯ ಮೇಧಾ ಸಂಕ್ರಾಂತಿ ಎಳ್ಳಿನ ಜೊತೆ ತಾನೇ ಮಾಡಿದ ಕೇಕ್ ಕೊಟ್ಟು ಹೋಗಿದ್ದಳು. ಅಸಾಧ್ಯ ಸಿಹಿ. ಬಹಳ ಚೆನ್ನಾಗಿದೆ ಎಂದು ಮೆಸೇಜ್ ಹಾಕಿ, ಉಳಿದದ್ದನ್ನು ಬೀದಿಯ ನಾಯಿಗೆ ಹಾಕಿದೆ.

ಜನವರಿ ೨೫, ಶನಿವಾರ

ಇವತ್ತು ಮಲ್ಲಿಕ್ ತಾವಾಗಿಯೇ ಫೋನ್ ಮಾಡಿದರು. ಐದರ ರೋಲು ಇನ್ನಷ್ಟು ಬೇಕಂತೆ. ನಾನು ಹೊರಗೆ ಬಟ್ಟೆ ಹರವುತ್ತಿದ್ದೆ, ಫೋನ್ ಎತ್ತಿದ್ದು ಮಾವ. ‘ರೋಲು ಹೆಂಗೆ ಬರ್ತಿದಾವೆ ಸಾರ್?’ ಎಂದು ಮಾವ ಕೇಳಿದ್ದಾರೆ. ‘ಫಸ್ಟ್ ಕ್ಲಾಸ್, ಕಲ್ಲಿದ್ದಂಗಿದಾವೆ’ ಎಂದು ಅವರು ಹೇಳಿದ್ದಾರೆ.

ಮಾವ ಫೋನ್ ಹಿಡಿದುಕೊಂಡೇ ಹೊರಗೆ ಬಂದರು. ‘ಕಲ್ಲಿದ್ದಂಗಿದಾವಂತೆ ಕಣಮ್ಮ’ ಎಂದರು. ಮುಖ ಹೊಳೆಯುತ್ತಿತ್ತು. ಬಲಗೈಯನ್ನು ಬಿಸಿಲಿಗೆ ಚಾಚಿ ಮುಷ್ಟಿ ಕಟ್ಟಿದರು, ಬಿಟ್ಟರು. ಬಿಡುವಾಗ ಬೆರಳು ತಡವಾಗಿ ಬಿಡುತ್ತವೆ. ಅದನ್ನು ಅವರು ಗಮನಿಸಲಿಲ್ಲ, ನಾನು ಗಮನಿಸಿದೆ.

‘ಕೈ ಸರಿಯಾಯ್ತು ಅಲ್ವೇನಮ್ಮ?’

‘ಸರಿಯಾಗಿದೆ ಮಾವ.’

ಆಮೇಲೆ ಭದ್ರಾವತಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದರು. ಆ ಅಕ್ಕ ಬಂಗಾರಮ್ಮ, ನಮಗೆಲ್ಲ ದೊಡ್ಡತ್ತೆ. ಎಪ್ಪತ್ತು ದಾಟಿದೆ. ಮಕ್ಕಳಿಲ್ಲ. ಗಂಡ ಹೋದ ಮೇಲೂ ಹಳೇನಗರದ ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರಿಕೊಂಡು ಗಟ್ಟಿಯಾಗಿದ್ದಾರೆ. ಸುದೀಪ್‌ಗೆ ಹೇಳಿದಾಗ ಅವರಿಗೂ ಖುಷಿ. ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿದೆವು. ನಾನು ಮಾಡಿದ್ದು ತಪ್ಪಾಗಿದ್ದರೆ ಇಷ್ಟು ಸಂತೋಷ ಬರುತ್ತಿತ್ತೇ?

ಫೆಬ್ರವರಿ ೩, ಸೋಮವಾರ

ಮಾವ ಸ್ಕೂಟರಿನ ಕೀ ಕೇಳಿದರು. ಲಕ್ವ ಹೊಡೆದ ಮೇಲೆ ಸುದೀಪ್ ಅದನ್ನು ನನ್ನ ಕೈಗೆ ಕೊಟ್ಟು ಬಚ್ಚಿಡಲು ಹೇಳಿದ್ದರು. ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೆ. ‘ಬ್ಯಾಟರಿ ಇಳಿದೋಗುತ್ತೆ, ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲುಸ್ತೀನಿ’ ಎಂದರು.

ಕೈ ಸರಿಯಾಗಿದೆ ಎಂದು ನಾನೇ ಹೇಳಿದ್ದೇನೆ. ಈಗ ಯಾವ ಬಾಯಿಂದ ಬೇಡ ಎನ್ನಲಿ? ಕೊಟ್ಟೆ. ಸ್ಟಾರ್ಟ್ ಮಾಡಿದರು, ಗೇಟಿನ ತನಕ ಹೋಗಿ ಬಂದರು. ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ನಾನು ಅದನ್ನು ಮತ್ತೆ ಡಬ್ಬಿಯ ಹಿಂದೆ ಇಡಲಿಲ್ಲ. ಸುದೀಪ್‌ಗೂ ಹೇಳಲಿಲ್ಲ.

ಫೆಬ್ರವರಿ ೯, ಭಾನುವಾರ

ದೊಡ್ಡತ್ತೆ ಆಸ್ಪತ್ರೆಯಲ್ಲಿದ್ದಾರೆ. ಮಾವನಿಗೆ ಮೊಣಕೈ ತರಚಿದೆ ಅಷ್ಟೆ. ಬರೆಯಲು ಆಗುತ್ತಿಲ್ಲ.

ಫೆಬ್ರವರಿ ೧೧, ಮಂಗಳವಾರ

ನಾಳೆ ದೊಡ್ಡತ್ತೆಗೆ ಆಪರೇಷನ್. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿದೆ. ರಾಡ್ ಹಾಕುತ್ತಾರಂತೆ.

ಭಾನುವಾರ ಸುದೀಪ್ ಆಯನೂರಿನಲ್ಲಿದ್ದರು, ಅಲ್ಲಿನ ಘಟಕದ ಮೋಟಾರು ಸುಟ್ಟಿತ್ತು. ನಾನು ತರಕಾರಿಗೆ ಹೋಗಿದ್ದೆ. ಬಂದು ನೋಡಿದರೆ ಮೊಳೆಯಲ್ಲಿ ಕೀ ಇಲ್ಲ. ಮಾವ ಸ್ಕೂಟರ್ ತೆಗೆದುಕೊಂಡು ಭದ್ರಾವತಿಗೆ ಹೋಗಿದ್ದರು. ಬೈಪಾಸು, ಲಾರಿ, ಎಲ್ಲ ದಾಟಿ ಕ್ಷೇಮವಾಗಿಯೇ ಮುಟ್ಟಿದ್ದಾರೆ. ಅಲ್ಲಿ ದೊಡ್ಡತ್ತೆಯನ್ನು ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೊರಟಿದ್ದಾರೆ. ಅವರ ಬೀದಿಯ ಕೊನೆಯಲ್ಲಿರುವ ರಸ್ತೆ ಹಂಪಿನ ಹತ್ತಿರ ನಿಲ್ಲಿಸಲು ನೋಡಿದರೆ ಎಕ್ಸಿಲೇಟರ್ ಹಿಡಿದ ಕೈ ತಿರುಗಲಿಲ್ಲ. ಸ್ಕೂಟರ್ ಹೋಗಿ ಗೋಡೆಗೆ ಬಡಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಸುದೀಪ್ ಎಲ್ಲರ ಎದುರಿಗೆ ಕೂಗಾಡಿದರು. ‘ಯಾರಪ್ಪಾ ನಿಂಗೆ ಹೇಳಿದ್ದು ಕೈ ಸರಿಯಾಗಿದೆ ಅಂತ? ಅತ್ತೆ ಪ್ರಾಣ ಹೋಗಿದ್ರೆ?’

ಮಾವ ಸಣ್ಣ ಧ್ವನಿಯಲ್ಲಿ, ‘ಸರಿಯಾಗೇ ಇತ್ತು ಕಣೋ. ದಿವ್ಯನ್ನ ಕೇಳು, ರೋಲು ಹೆಂಗೆ ಬರ್ತಿದ್ವು ಅಂತ’ ಎಂದರು.

ಸುದೀಪ್ ನನ್ನ ಕಡೆ ತಿರುಗಿದರು. ಮಾವನೂ ನೋಡಿದರು. ಮಾವನ ಕಣ್ಣಿನಲ್ಲಿದ್ದುದು ನನ್ನ ಮೇಲಿನ ಭರವಸೆ. ಈ ಸೊಸೆ ನನ್ನ ಪರ ಮಾತಾಡುತ್ತಾಳೆ ಎಂಬ ಭರವಸೆ.

‘ದೊಡ್ಡತ್ತೆಗೆ ಬಿಸಿನೀರು ತರ್ತೀನಿ’ ಎಂದು ಫ್ಲಾಸ್ಕ್ ಎತ್ತಿಕೊಂಡು ಕ್ಯಾಂಟೀನಿಗೆ ಹೋದೆ. ಹಿಂದಿನಿಂದ ಸುದೀಪ್ ಮತ್ತೆ ಬೈಯುತ್ತಿದ್ದುದು ಮೆಟ್ಟಿಲಿಳಿಯುವವರೆಗೂ ಕೇಳುತ್ತಿತ್ತು.

ಫೆಬ್ರವರಿ ೧೯, ಬುಧವಾರ

ದೊಡ್ಡತ್ತೆಯನ್ನು ನಮ್ಮ ಮನೆಗೇ ಕರೆತಂದೆವು. ನಡುಮನೆಯಲ್ಲಿ ಮಂಚ ಹಾಕಿದ್ದೇವೆ. ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಾರೆ, ಅಳುವುದಿಲ್ಲ. ಬೆಡ್‌ಪ್ಯಾನ್ ಇಡುವಾಗ, ‘ನಿಂಗೆ ಎಂಥಾ ಕರ್ಮ ಬಂತು ನೋಡು ಮಗಾ. ಹೆತ್ತೋಳಲ್ಲ, ಸಾಕ್ದೋಳಲ್ಲ’ ಎಂದರು. ಹೀಗೆ ಹೇಳದೆ ಒಂದು ಏಟು ಹೊಡೆದಿದ್ದರೆ ಆರಾಮಾಗುತ್ತಿತ್ತು.

ಬೀದಿಯವರೆಲ್ಲ ನೋಡಲು ಬರುತ್ತಾರೆ. ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಮೇಧಾ ಕೂಡ ಹಾಗೇ ಅಂದಳು. ನಾನು ಹಣ್ಣು ಹೆಚ್ಚುವ ನೆಪದಲ್ಲಿ ಒಳಗೆ ಹೋದೆ.

ಫೆಬ್ರವರಿ ೨೭, ಗುರುವಾರ

ನಿನ್ನೆ ಶಿವರಾತ್ರಿ. ಮಾವ ಪೂಜೆಗೆ ಕೂತರು, ಆದರೆ ಪತ್ರೆ ಏರಿಸಲಿಲ್ಲ. ಎಡಗೈಯಲ್ಲಿ ಲಿಂಗ ಹಿಡಿದು ಸುಮ್ಮನೆ ನೋಡುತ್ತ ಕೂತಿದ್ದರು. ಬಲಗೈ ತೊಡೆಯ ಮೇಲೆ ಬಿದ್ದಿತ್ತು.

ಸ್ಕೂಟರಿನಿಂದ ಬಿದ್ದ ದಿನದಿಂದ ಅವರು ಆ ಕೈಯಿಂದ ಏನನ್ನೂ ಮುಟ್ಟಿಲ್ಲ. ಊಟ ಎಡಗೈಯಲ್ಲಿ, ಚಮಚದಲ್ಲಿ. ಕಾಯಿನ್ನಿನ ಚೀಲ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಇವತ್ತು ಲಿಖಿತಾ ಬೆರಳು ಬಿಡಿಸಲು ನೋಡಿದರೆ ಕೈ ಎಳೆದುಕೊಂಡರು. ಅವಳು ನನ್ನನ್ನು ಗೇಟಿನ ಹತ್ತಿರ ಕರೆದು, ‘ಹಿಂಗೇ ಬಿಟ್ರೆ ಬೆರಳು ಮುಷ್ಟಿ ಕಟ್ಕೊಂಡು ಹಂಗೇ ಗಟ್ಟಿಯಾಗ್ಬಿಡ್ತವೆ ಅಕ್ಕ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ’ ಎಂದಳು. ಚೆನ್ನಾಗಿ ಬರುತ್ತಿದ್ದ ಕೈ ಇದ್ದಕ್ಕಿದ್ದಂತೆ ಯಾಕೆ ಹೀಗಾಯಿತು ಎಂದೂ ಕೇಳಿದಳು. ‘ಭಯ ಇರ್ಬೇಕು’ ಎಂದೆ.

ಮಾರ್ಚ್ ೫, ಬುಧವಾರ

ದೊಡ್ಡತ್ತೆಯ ಸೀರೆ, ಕನ್ನಡಕ ತರಲು ನಿನ್ನೆ ಭದ್ರಾವತಿಗೆ ಹೋಗಿದ್ದೆ. ಹಂಪು ನೋಡಿದೆ. ಗೋಡೆಯಲ್ಲಿ ಒಂದು ಕಡೆ ಗಾರೆ ಎದ್ದಿದೆ. ಇಷ್ಟು ಚಿಕ್ಕ ಗುರುತು.

ಅವರ ಮನೆ ಪಕ್ಕದಲ್ಲಿ ಸಿದ್ದು ಎಂಬವರ ಲೇತ್ ಅಂಗಡಿ. ಅವತ್ತು ಇಬ್ಬರನ್ನೂ ಎತ್ತಿ ಆಟೋಗೆ ಹಾಕಿದವರು ಅವರೇ. ಕೃತಜ್ಞತೆ ಹೇಳೋಣವೆಂದು ಹೋದೆ. ‘ಗಾಡಿ ಬಿದ್ಮೇಲೂ ಯಜಮಾನ್ರು ಎಕ್ಸಿಲೇಟರ್ ಬಿಟ್ಟಿರ್ಲಿಲ್ಲ ಅಕ್ಕ. ಚಕ್ರ ಗಿರಗಿರ ಅಂತಿತ್ತು. ಬೆರಳು ಒಂದೊಂದೇ ನಾನೇ ಬಿಡಿಸ್ದೆ’ ಎಂದರು.

ಅಲ್ಲಿ ನಿಂತಿರಲು ಆಗಲಿಲ್ಲ. ಆದರೂ ಬರುವ ಮೊದಲು ಒಂದು ಕೆಲಸ ಹೇಳಿದೆ. ಒಂದು ಹಿತ್ತಾಳೆಯ ಬಟ್ಟಲು. ಐದರ ಕಾಯಿನ್ನಿನ ರೋಲು ಸರಿಯಾಗಿ ಕೂರುವಷ್ಟು ಅಗಲ, ತಳ ಒಳಗಿನಿಂದ ದುಂಡಗೆ, ನಡುವೆ ಸಣ್ಣ ಉಬ್ಬು. ರೋಲಿನ ತುದಿಯನ್ನು ಅದರೊಳಗೆ ಒತ್ತಿ ಅರ್ಧ ಸುತ್ತು ತಿರುವಿದರೆ ಕಾಗದದ ಅಂಚು ತಾನಾಗಿ ಒಳಗೆ ಸುರುಳಿಕೊಳ್ಳಬೇಕು. ಬೆರಳಿನ ಕೆಲಸವೇ ಇಲ್ಲ, ಅಂಗೈಯಿಂದ ಒತ್ತಿದರೆ ಸಾಕು. ಸಿದ್ದು ನಾನು ಕೊಟ್ಟ ಕಾಯಿನ್ ಅಳತೆ ಹಿಡಿದು ಅಲ್ಲೇ ಕೊರೆದು, ಉಜ್ಜಿ ನಯಮಾಡಿ ಕೊಟ್ಟರು. ಕೆಳಗೆ ಮೇಜಿಗೆ ಕೂರಿಸಲು ಸ್ಕ್ರೂ ತೂತನ್ನೂ ಮಾಡಿದರು.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಹೊಸ ಸಾಮಾನು ತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹೇಳದೆಯೇ ಸರಿಹೋಗುತ್ತದೆ ಎಂದು.

ಮಾವ ಅದನ್ನು ನೋಡಿದರು, ಮುಟ್ಟಲಿಲ್ಲ. ‘ಬೇಡಮ್ಮ’ ಎಂದರು. ‘ಯಾಕೆ ಮಾವ?’ ಎಂದೆ.

‘ಇದು ಮೋಸಗಾರ ಕೈ. ರೋಲು ಮಾಡುವಾಗ ನೆಟ್ಟಗಿತ್ತು. ನಂಬಿ ಗಾಡಿ ಹತ್ತಿದ್ರೆ ಕೈ ಕೊಡ್ತು. ಮೂವತ್ತು ವರ್ಷದಲ್ಲಿ ಒಂದು ಕೋಳಿ ಸಾಯಿಸಿಲ್ಲ ನಾನು. ಈಗ ಅಕ್ಕನ್ನ...’ ಎಂದು ಮಂಚದ ಕಡೆ ನೋಡಿದರು. ‘ಇದಕ್ಕೆ ಇನ್ನು ಕೆಲ್ಸ ಕೊಡಲ್ಲ.’

ಮಾರ್ಚ್ ೮, ಶನಿವಾರ

ಊಟ ಸೇರುತ್ತಿಲ್ಲ.

ಮಾರ್ಚ್ ೧೦, ಸೋಮವಾರ

ಹೇಳಿದೆ.

ಬೆಳಿಗ್ಗೆ ಲಿಖಿತಾ ಬಂದಾಗ ಮಾವ, ‘ನಾಳೆಯಿಂದ ಬರ್ಬೇಡಮ್ಮ, ಸುಮ್ನೆ ದುಡ್ಡು ದಂಡ’ ಎಂದುಬಿಟ್ಟರು. ಅವಳು ಹೋದ ಮೇಲೆ ಅವರು ಜಗಲಿಯಲ್ಲಿ ಕೂತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡರು, ಬೇರೆ ಯಾರದೋ ಸಾಮಾನು ಎತ್ತಿಟ್ಟ ಹಾಗೆ. ಅದನ್ನು ನೋಡಿದ ಮೇಲೆ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

‘ನಿಮ್ಮ ಕೈ ಏನೂ ಮಾಡಿಲ್ಲ ಮಾವ. ಆ ರೋಲೆಲ್ಲ ನಾನು ಬಿಚ್ಚಿ ಮತ್ತೆ ಮಾಡಿದ್ದು.’

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ನೀವು ಮಲಗಿದಾಗ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದೆ ಎಂದೆ.

‘ಎಲ್ಲಾನೂ?’

‘ಎಲ್ಲಾನೂ.’

‘ಮಲ್ಲಿಕ್ ಕಲ್ಲಿದ್ದಂಗಿದೆ ಅಂದಿದ್ದು?’

‘ನಾನು ಮಾಡಿದ್ದನ್ನ.’

ಬೀದಿಯಲ್ಲಿ ಸೊಪ್ಪಿನವಳು ಬಂದು ಕೂಗಿ ಹೋದಳು. ‘ಮತ್ತೆ ನಾನು ಕೇಳಿದ್ನಲ್ಲಮ್ಮ, ಕೈ ಸರಿಯಾಯ್ತಾ ಅಂತ. ನಿನ್ನೇ ಕೇಳಿದ್ದೆ’ ಎಂದರು. ಬೈಗುಳದ ದನಿಯಲ್ಲ, ಜ್ಞಾಪಿಸಿಕೊಳ್ಳುವವರ ದನಿ.

‘ನಿಮಗೆ ಬೇಜಾರಾಗುತ್ತೆ ಅಂತ...’ ಎಂದು ಶುರುಮಾಡಿದೆ. ಅದೂ ಪೂರ್ತಿ ನಿಜವಲ್ಲ ಎಂದು ಅರ್ಧದಲ್ಲೇ ತಿಳಿಯಿತು. ‘ಮಲ್ಲಿಕ್ ಅಂಗಡೀಲಿ ನಂಗೆ ಮರ್ಯಾದೆ ಹೋಗುತ್ತೆ ಅಂತ ಮಾಡ್ದೆ ಮಾವ’ ಎಂದೆ.

‘ಸುದೀಪಂಗೆ ಗೊತ್ತಾ?’

‘ಇಲ್ಲ.’

‘ಹೇಳು’ ಎಂದು ಎದ್ದು ಒಳಗೆ ಹೋದರು.

ಮಾರ್ಚ್ ೧೧, ಮಂಗಳವಾರ

ಸುದೀಪ್‌ಗೆ ಹೇಳಿದೆ. ಕೀ ಮೊಳೆಯ ಮೇಲಿದ್ದ ವಿಷಯವನ್ನೂ ಹೇಳಿದೆ. ಅವರು ಕೂಗಾಡುತ್ತಾರೆ ಎಂದು ಕಾದೆ. ಕೂಗಾಡಲಿಲ್ಲ. ‘ಆಸ್ಪತ್ರೇಲಿ ಅಪ್ಪನ್ನ ಅಷ್ಟು ಬೈದೆ. ನೀನು ಪಕ್ಕದಲ್ಲೇ ನಿಂತಿದ್ದೆ’ ಎಂದರು. ಅಷ್ಟೇ. ತಟ್ಟೆ ಹಾಗೇ ಬಿಟ್ಟು ಎದ್ದರು.

ಮಾರ್ಚ್ ೧೬, ಭಾನುವಾರ

ಮಾವ ನನ್ನ ಜೊತೆ ಮಾತಾಡುತ್ತಿಲ್ಲ. ನಾನು ಎದುರಿಗೇ ನಿಂತಿದ್ದರೂ, ‘ಅಕ್ಕ, ಕಾಫಿ ಆಗಿದೆಯಾ ಕೇಳು’ ಎನ್ನುತ್ತಾರೆ. ದೊಡ್ಡತ್ತೆ ಮಂಚದಿಂದ, ‘ಆಗಿದೆಯೇನೆ?’ ಎನ್ನುತ್ತಾರೆ. ನಾನು ಆಗಿದೆ ಎನ್ನುತ್ತೇನೆ. ‘ಆಗಿದೆಯಂತೆ ಕಣೋ’ ಎನ್ನುತ್ತಾರೆ. ಐದಾರು ದಿನ ಹೀಗೆ ಅಂಚೆ ಹಂಚಿ ಇವತ್ತು ದೊಡ್ಡತ್ತೆಗೆ ರೇಗಿತು. ಎಲ್ಲವೂ ಅವರಿಗೆ ಗೊತ್ತಾಗಿತ್ತು. ಜಗಲಿಯ ಮಾತು ನಡುಮನೆಗೆ ಕೇಳದೆ ಇರುತ್ತದೆಯೇ.

‘ಲೋ ಲಿಂಗಪ್ಪ, ಇಲ್ಲಿ ಬಾ’ ಎಂದು ಕರೆದರು. ‘ಸೊಂಟ ಮುರಿದಿದ್ದು ನಂದು. ಮಾತು ಬಿಡೋದಿದ್ರೆ ನಾನು ಬಿಡ್ಬೇಕು. ನೀನ್ಯಾಕೋ ಬಿಟ್ಟಿದ್ದೀಯ?’

ಮಾವ ತಲೆ ತಗ್ಗಿಸಿ ನಿಂತರು, ಚಿಕ್ಕ ಹುಡುಗನ ಹಾಗೆ.

‘ಇವ್ಳು ಸುಳ್ಳು ಹೇಳಿದ್ಳು, ಹೌದು. ಸುಳ್ಳು ಕೇಳಕ್ಕೆ ನಿಂಗೂ ಹಿತವಾಗಿತ್ತು. ಕೈ ಬಿಗಿ ಬಿಡಲ್ಲ ಅಂತ ಕೈ ಇರೋನಿಗೆ ಗೊತ್ತಾಗಲ್ವಾ? ಗಾಡಿ ಹತ್ತುವಾಗ ನಂಗೂ ಗೊತ್ತಾಯ್ತು. ನೀನು ಬ್ರೇಕ್ ಹಾಕಕ್ಕೇ ಒದ್ದಾಡ್ತಿದ್ದೆ. ತಮ್ಮ ಆಸೆಪಟ್ಟು ಬಂದಿದಾನೆ ಅಂತ ನಾನೂ ಬಾಯಿ ಮುಚ್ಕೊಂಡು ಹತ್ತಿದೆ.’ ಆಮೇಲೆ ನನ್ನ ಕಡೆ ತಿರುಗಿದರು. ‘ನಿಂಗೂ ಹೇಳ್ತೀನಿ ಕೇಳು. ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಮಗ್ಗುಲು ತಿರುಗಿದಾಗೆಲ್ಲ ನಿಮ್ಮಿಬ್ರಿಗೂ ಶಾಪ ಹಾಕ್ತೀನಿ. ಆದ್ರೂ ಕಾಫಿ ನೀನೇ ಕೊಡ್ಬೇಕಲ್ಲ ಮಾರಾಯ್ತಿ.’

ಅಡುಗೆಮನೆಗೆ ಹೋಗಿ ಅತ್ತೆ. ಕಾಫಿ ಉಕ್ಕಿ ಒಲೆಯೆಲ್ಲ ಆಯಿತು.

ಸಂಜೆ ಅಮ್ಮ ಫೋನ್ ಮಾಡಿದಾಗ ಆರಾಮಿಲ್ಲ ಎಂದೆ. ಅರ್ಧ ಗಂಟೆ ಮಾತಾಡಿದೆವು. ಮೇಧಾ ಹೊಸ ಕೇಕ್ ತಂದಿದ್ದಳು. ಸಕ್ಕರೆ ಜಾಸ್ತಿಯಾಗಿದೆ ಎಂದೆ. ‘ಅಬ್ಬಾ, ಒಬ್ರಾದ್ರೂ ಹೇಳಿದ್ರಲ್ಲ’ ಎಂದು ಕೂತು ಒಂದು ಲೋಟ ಬರೀ ಕಾಫಿ ಕುಡಿದು ಹೋದಳು.

ಮಾರ್ಚ್ ೨೪, ಸೋಮವಾರ

ಇವತ್ತು ಚೀಲ ಬಂದಾಗ ಮಾವ ಎದ್ದು ಹೋಗಲಿಲ್ಲ. ಮೇಜಿನ ಹತ್ತಿರ ಕೂತು ಸುದೀಪ್‌ಗೆ ಹಿತ್ತಾಳೆ ಬಟ್ಟಲನ್ನು ತಿರುಪು ಹಾಕಿ ಕೂರಿಸಲು ಹೇಳಿದರು. ನನಗೆ ಏನೂ ಹೇಳಲಿಲ್ಲ. ನಾನು ಕತ್ತರಿಸಿಟ್ಟಿದ್ದ ಕಾಗದವನ್ನು ಅವರೇ ಎಳೆದುಕೊಂಡರು.

ಒಂದು ರೋಲಿಗೆ ಎಷ್ಟು ಹೊತ್ತು ಹಿಡಿಯಿತೋ. ನಾನು ಹುಳಿಗೆ ಬೇಳೆ ಇಟ್ಟು, ಇಳಿಸಿ, ಒಗ್ಗರಣೆ ಹಾಕಿದರೂ ಮುಗಿದಿರಲಿಲ್ಲ. ಬಲ ಅಂಗೈಯಿಂದ ಒತ್ತುತ್ತಿದ್ದರು, ಎಡಗೈಯಿಂದ ಮಣಿಕಟ್ಟು ಹಿಡಿದು ತಿರುಗಿಸುತ್ತಿದ್ದರು. ತಿರುಗಿಸಿದ ಮೇಲೆ ಬೆರಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರು. ಬಾಯಿ ಒಂದು ಕಡೆ ಸುರುಳಿಕೊಂಡಿತ್ತು, ಇನ್ನೊಂದು ಕಡೆ ಕಿವಿಯ ಹಾಗೆ ಎದ್ದಿತ್ತು. ನನ್ನ ಕೈ ಅಭ್ಯಾಸಬಲದಿಂದ ಅದರ ಕಡೆ ಹೋಯಿತು.

‘ಮುಟ್ಬೇಡ’ ಎಂದರು. ಎರಡು ವಾರದ ಮೇಲೆ ನನಗೇ ಹೇಳಿದ ಮೊದಲ ಮಾತು.

ಏಪ್ರಿಲ್ ೫, ಶನಿವಾರ

ಮಾವನ ರೋಲುಗಳನ್ನು ಹಾಗೇ ಮಲ್ಲಿಕ್ ಅಂಗಡಿಗೆ ಒಯ್ದೆ. ‘ಇವು ನಮ್ಮ ಮಾವ ಮಾಡಿದ್ದು. ಲಕ್ವ ಹೊಡೆದ ಕೈ. ಕೆಲವು ಒಡೀಬಹುದು, ಒಡೆದ್ರೆ ನಾನೇ ಹೆಕ್ಕಿ ಎಣಿಸಿ ಕೊಡ್ತೀನಿ’ ಎಂದೆ. ಹೆಚ್ಚಿನವು ಕೌಂಟರಿನ ಮೇಲೇ ಬಿಚ್ಚಿದವು. ಗಿರಾಕಿಗಳ ಕಾಲಿನ ನಡುವೆ ಕೂತು ಹೆಕ್ಕಿದೆ. ಮಲ್ಲಿಕ್ ಹೊರಗೆ ಬಂದು ಒಂದಿಷ್ಟು ಹೆಕ್ಕಿದರು. ‘ಕವರಿಗೆ ಹಾಕಿ ಕೊಡಿ ಮೇಡಂ, ಯಾಕಿಷ್ಟು ಕಷ್ಟ?’ ಎಂದರು. ಅವರು ಒಪ್ಪಲ್ಲ ಎಂದೆ.

ಮನೆಗೆ ಬಂದಾಗ ಮಾವ ಕಾಯುತ್ತಿದ್ದರು. ‘ಎಷ್ಟು ಒಡೆದ್ವು?’

ಎರಡು ಎಂದು ನಾಲಗೆಯ ತುದಿಗೆ ಬಂದಿತ್ತು. ‘ಒಂಬತ್ತರಲ್ಲಿ ಏಳು’ ಎಂದೆ.

‘ಉಳಿದ ಎರಡು ನೀನು ಮುಟ್ಟಿಲ್ಲ?’

‘ಮುಟ್ಟಿಲ್ಲ ಮಾವ.’

ನನ್ನ ಮುಖವನ್ನು ನೋಡಿದರು. ಫೋನ್ ತೆಗೆದು ಮಲ್ಲಿಕ್‌ಗೆ ಹಚ್ಚಿದರು. ಸ್ಪೀಕರ್ ಹಾಕಿ ಅದೇ ಪ್ರಶ್ನೆ ಕೇಳಿದರು. ನಾನು ಅಲ್ಲೇ ನಿಂತಿದ್ದೆ. ನನ್ನ ಮಾತು ಸರಿಯೋ ಎಂದು ಹೊರಗಿನವರನ್ನು ಕೇಳುವುದನ್ನು ನಿಂತು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಗೊತ್ತಾಯಿತು. ಏಳು ಎಂದರು ಮಲ್ಲಿಕ್. ಮಾವ ಫೋನಿಟ್ಟು ಒಳಗೆ ಹೋದರು.

ಸೋಮವಾರದಿಂದ ಲಿಖಿತಾಳನ್ನು ಮತ್ತೆ ಬರಹೇಳಿದ್ದಾರೆ. ಸುದೀಪ್ ಮೂಲಕ ತಿಳಿಯಿತು.

ಏಪ್ರಿಲ್ ೧೯, ಶನಿವಾರ

ಒಡೆದವು ಐದು. ಮಾವ ಫೋನ್ ಮಾಡಿ ಕೇಳಿದರು. ಐದೇ.

ದೊಡ್ಡತ್ತೆ ವಾಕರ್ ಹಿಡಿದು ಬಚ್ಚಲವರೆಗೆ ಹೋಗಿ ಬಂದರು. ಪ್ರತಿ ಹೆಜ್ಜೆಗೂ ನಮ್ಮಿಬ್ಬರ ಹೆಸರು ಹಿಡಿದು ಬೈದರು. ಒಂದು ಕಾಲು ಸ್ವಲ್ಪ ಗಿಡ್ಡವಾಗಿದೆಯಂತೆ, ಕುಂಟುವುದು ಪೂರ್ತಿ ಹೋಗುವುದಿಲ್ಲವಂತೆ. ನಾನು ಹಿಂದೆ ಹಿಂದೆ ನಡೆದೆ.

ಮೇ ೩, ಶನಿವಾರ

ಈ ವಾರ ನಾನೂ ಒಂದಿಷ್ಟು ರೋಲು ಮಾಡಿದ್ದೆ. ದೊಡ್ಡತ್ತೆಯ ಸ್ನಾನ, ಆಸ್ಪತ್ರೆಯ ಓಡಾಟ, ಗಡಿಬಿಡಿಯಲ್ಲೇ ಬಾಯಿ ಮಡಿಸಿದ್ದೆ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಮಾವ, ‘ಎಷ್ಟು?’ ಎಂದರು.

‘ನಿಮ್ಮದು ಮೂರು ಮಾವ. ನಂದು ಒಂದು.’

‘ಏನು?’

‘ನಂದೂ ಒಂದು ಒಡೀತು. ಮಲ್ಲಿಕ್ ಕೈಯಲ್ಲೇ.’

ಮಾವ ಫೋನ್ ಎತ್ತಿಕೊಂಡರು. ‘ಮಲ್ಲಿಕ್ ಸಾಬ್ರೆ, ನಮ್ಮ ಸೊಸೆ ರೋಲು ಒಡೀತಂತೆ, ಹೌದಾ?’ ಆ ಕಡೆಯಿಂದ ಹೌದು ಎಂದರು. ‘ಯಾವ ಕಡೆ ಬಿಚ್ಚಿತು? ಕೊನೇ ಮಡಿಕೆನಾ? ಹ್ಞೂ, ಅಲ್ಲೇ. ಅವ್ಳಿಗೆ ಅವಸರ ಜಾಸ್ತಿ’ ಎಂದರು. ಮಂಚದಿಂದ ದೊಡ್ಡತ್ತೆ, ‘ಏನಂತೋ?’ ಎಂದು ಕೂಗಿದರು. ‘ಇವ್ಳದೂ ಒಡೀತಂತೆ ಅಕ್ಕ!’ ಎಂದು ಮಾವ ನಕ್ಕರು. ಫೆಬ್ರವರಿಯ ನಂತರ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ದೊಡ್ಡತ್ತೆಯೂ ನಕ್ಕರು, ನಗುತ್ತಲೇ ಸೊಂಟ ಹಿಡಿದುಕೊಂಡು ಅಯ್ಯೋ ಎಂದರು.

‘ಕಾಗದ ಒಂಚೂರು ಉದ್ದ ಕತ್ತರಿಸಮ್ಮ. ಇಬ್ರಿಗೂ’ ಎಂದು ಮಾವ ನನಗೇ ಹೇಳಿದರು.

ಅವರ ಜೊತೆ ನಾನೂ ನಗಬಹುದೋ ಬಾರದೋ ತಿಳಿಯದೆ, ಕತ್ತರಿ ಹುಡುಕಲು ಒಳಗೆ ಹೋದೆ.